ಹೆಸರು ಬರೆಯದ ಚೀಟಿ

ಯಶವಂತಪುರದ ಗೂಡ್ಸ್ ಶೆಡ್ಡಿನ ಹಿಂದೆ ಜಿಯಾವುಲ್ಲಾ ಸಾಹೇಬರ ಪಿಂಗಾಣಿ ಕಾರ್ಖಾನೆ. ಕರೆಂಟು ಕಂಬದ ನೆತ್ತಿಯಲ್ಲಿ ತಂತಿ ಕಟ್ಟಲು ಕೂರಿಸುವ ಬಿಳಿ ಪಿಂಗಾಣಿ ಕಪ್ಪುಗಳು ಅಲ್ಲಿ ತಯಾರಾಗುತ್ತಿದ್ದವು. ಸಾವಿರದ ಒಂಬೈನೂರ ಅರವತ್ತೊಂದರ ಆ ದಿನಗಳಲ್ಲಿ ಹಳ್ಳಿಹಳ್ಳಿಗೂ ಕಂಬ ನೆಡುತ್ತಿದ್ದುದರಿಂದ ಕಾರ್ಖಾನೆಗೆ ಬಿಡುವಿರಲಿಲ್ಲ. ಆದರೆ ರೈಲಿನಲ್ಲಿ ಕಳಿಸಿದ ಪ್ರತಿ ಪೆಟ್ಟಿಗೆಯಲ್ಲೂ ಎಂಟೋ ಹತ್ತೋ ಕಪ್ಪು ಒಡೆದಿರುತ್ತಿದ್ದವು. ದೂರಿನ ಕಾಗದಗಳು ಬರುತ್ತಲೇ ಇದ್ದವು.

ಸಾಹೇಬರ ಮಗ ಮುಕ್ತಾರ್ ಕಲ್ಕತ್ತೆಯಲ್ಲಿ ಎರಡು ವರ್ಷ ಕೆಲಸ ಕಲಿತು ಬಂದವನು. ಬಂದ ತಿಂಗಳಲ್ಲೇ ಕುಡಿಯುವ ನೀರಿನ ತೊಟ್ಟಿಯ ಪಕ್ಕದ ಗೋಡೆಗೆ ಬೀಗ ಹಾಕಿದ ಒಂದು ಮರದ ಪೆಟ್ಟಿಗೆ ಹೊಡೆಸಿ, ಎಲ್ಲರನ್ನೂ ಕರೆದು ನಿಲ್ಲಿಸಿದ.

"ಯೋಚನೆ ಮಾಡೋದು ಆಫೀಸ್ನಲ್ಲಿ ಕೂತೋರ ಕೆಲ್ಸ ಮಾತ್ರ ಅಲ್ಲ. ಭಟ್ಟಿಗೆ ಸೌದೆ ಹಾಕೋರು, ಮಣ್ಣು ತುಳಿಯೋರು, ಪ್ಯಾಕಿಂಗ್ ಮಾಡೋರು, ಯಾರಿಗೆ ಏನು ಹೊಳೆದ್ರೂ ಬರೆದು ಇದ್ರಲ್ಲಿ ಹಾಕಿ. ಹೆಸರು ಬೇಡ. ಶನಿವಾರ ಶನಿವಾರ ನಾನೇ ತೆಗೆದು ಓದ್ತೀನಿ" ಎಂದ.

ಮೊದಲ ಶನಿವಾರ ಪೆಟ್ಟಿಗೆಯಲ್ಲಿ ಸಿಕ್ಕಿದ್ದು ಒಂದು ಬೀಡಿ ತುಂಡು. ಎರಡನೆಯ ಶನಿವಾರ ಅದೂ ಇರಲಿಲ್ಲ. ಪ್ಯಾಕಿಂಗ್ ಮೇಸ್ತ್ರಿ ಅಶ್ವತ್ಥಪ್ಪ ಮೀಸೆಯಲ್ಲೇ ನಕ್ಕ. "ಯಾರ ಅಕ್ಷರ ಹೆಂಗಿರ್ತದೆ ಅಂತ ನಂಗೆ ಗೊತ್ತು. ಹುಷಾರು" ಎಂದು ಯಾರ ಮುಖವನ್ನೂ ನೋಡದೆ ಹೇಳಿದ.

ಆ ಮಾತು ನೇರವಾಗಿ ತಾಗಿದ್ದು ಮುನಿಕೃಷ್ಣಮ್ಮನಿಗೆ. ಮತ್ತಿಕೆರೆಯಿಂದ ನಡೆದು ಬರುವ ಅವಳು ನಾಲ್ಕನೆಯ ಕ್ಲಾಸಿನವರೆಗೆ ಓದಿದ್ದಳು. ಪ್ಯಾಕಿಂಗ್‌ನ ಹೆಂಗಸರಲ್ಲಿ ಬರೆಯಬಲ್ಲವಳು ಅವಳೊಬ್ಬಳೇ. ಅವಳ ತಲೆಯಲ್ಲಿ ಎರಡು ವಾರದಿಂದ ಒಂದು ಯೋಚನೆ ಕೂತು ಕಾಡುತ್ತಿತ್ತು. ಮೂವರು ಹೆಂಗಸರು ಒಂದೊಂದು ಕಪ್ಪಿಗೂ ಹಳೆಯ ಪೇಪರು ಸುತ್ತಿ ಕೊಡುತ್ತಿದ್ದರು. ಅವಳು ಅವನ್ನು ಹುಲ್ಲಿನ ನಡುವೆ ಪೆಟ್ಟಿಗೆಯಲ್ಲಿ ಜೋಡಿಸುತ್ತಿದ್ದಳು. ಬಂಡಿಗೆ ಏರಿಸುವಾಗಲೇ ಒಳಗೆ ಕಪ್ಪಿಗೆ ಕಪ್ಪು ತಾಗುವುದು ಅವಳಿಗೆ ಕೇಳಿಸುತ್ತಿತ್ತು. ಬಿಂದಿಗೆ ಹೊರುವಾಗ ತಲೆಯ ಮೇಲಿಟ್ಟುಕೊಳ್ಳುವ ಸಿಂಬೆಯ ಹಾಗೆ, ನೆಲ್ಲುಹುಲ್ಲನ್ನು ಹೊಸೆದು ಪುಟ್ಟ ಪುಟ್ಟ ಸಿಂಬೆ ಮಾಡಿ, ಒಂದೊಂದು ಕಪ್ಪನ್ನೂ ಒಂದೊಂದರಲ್ಲಿ ಕೂರಿಸಿದರೆ? ಅಲುಗಾಡುವುದಿಲ್ಲ, ಪೇಪರೂ ಬೇಡ.

ಬುಧವಾರ ಊಟದ ಹೊತ್ತಿನಲ್ಲಿ ಪೆನ್ಸಿಲಿನಿಂದ, ಎಡಗೈಯಲ್ಲಿ, ಅಕ್ಷರ ಸೊಟ್ಟಗೆ ಬರುವಂತೆ ನಾಲ್ಕು ಸಾಲು ಬರೆದಳು. ನೀರು ಕುಡಿಯುವ ನೆಪದಲ್ಲಿ ಹೋಗಿ ಪೆಟ್ಟಿಗೆಯೊಳಗೆ ಹಾಕಿದಳು. ಆತುರದಲ್ಲಿ ಲೋಟದ ನೀರು ಸೀರೆಯ ಮೇಲೆ ಚೆಲ್ಲಿತು.

ತಿರುಗಿ ಬಂದು ಕೂತಾಗ ಮಾರಕ್ಕ ಬೆರಳುಗಳನ್ನು ಒಂದೊಂದಾಗಿ ನೀವಿಕೊಳ್ಳುತ್ತಿದ್ದಳು. ಪೇಪರು ಸುತ್ತುವ ಮೂವರಲ್ಲಿ ಅವಳೇ ಹಿರಿಯಳು. ಗಂಡ ಸತ್ತ ಮೇಲೆ ಹನ್ನೊಂದು ವರ್ಷದಿಂದ ಇಲ್ಲೇ ದುಡಿಯುತ್ತಿದ್ದಳು. ಮುನಿಕೃಷ್ಣಮ್ಮನಿಗೆ ಈ ಕೆಲಸ ಕೊಡಿಸಿದವಳೂ ಅವಳೇ.

"ಯಾಕೆ ಮಾರಕ್ಕ, ನೋಯ್ತದಾ?"

"ಬೆರಳು ಮಡಿಸಾಕೇ ಆಗಾಕಿಲ್ಲ ಕಣೇ. ಹುಲ್ಲು ಹೊಸೆಯೋದು, ಹಗ್ಗ ಬಿಗಿಯೋದು ನನ್ ಕೈಲಿ ಆಗಾಕಿಲ್ಲ. ಪೇಪರ್ ಸುತ್ತೋದೊಂದಿದೆಯಲ್ಲ, ಇಂಗೇ ಕಾಲ ಹಾಕ್ಬುಡ್ತೀನಿ" ಎಂದಳು ಮಾರಕ್ಕ.

ಒಡೆಯುವ ಕಪ್ಪುಗಳ ಬಗ್ಗೆ ಅಷ್ಟೆಲ್ಲ ಯೋಚಿಸಿದ್ದ ಮುನಿಕೃಷ್ಣಮ್ಮನಿಗೆ, ಪೇಪರು ಬೇಡವಾದರೆ ಪೇಪರು ಸುತ್ತುವ ಕೈಗಳೂ ಬೇಡವಾಗುತ್ತವೆ ಎಂಬುದು ಆವರೆಗೆ ಹೊಳೆದೇ ಇರಲಿಲ್ಲ.

ಗುರುವಾರ ಅವಳು ಊಟ ಮಾಡಲಿಲ್ಲ. ಶುಕ್ರವಾರ ಎಲ್ಲರಿಗಿಂತ ಮೊದಲೇ ಬಂದು, ಪೊರಕೆಯಿಂದ ಒಂದು ಕಡ್ಡಿ ಕಿತ್ತು ಪೆಟ್ಟಿಗೆಯ ಬಾಯಿಗೆ ತೂರಿಸಿ ಚೀಟಿಯನ್ನು ಮೇಲೆತ್ತಲು ನೋಡಿದಳು. ಕಾಗದ ಕಡ್ಡಿಯ ತುದಿಗೆ ತಾಗುತ್ತಿತ್ತು, ಬರುತ್ತಿರಲಿಲ್ಲ.

"ಏನಮ್ಮಾ ಅದು?"

ಅಶ್ವತ್ಥಪ್ಪ! ಕಡ್ಡಿ ಒಳಗೇ ಮುರಿದುಬಿತ್ತು.

"ಹಲ್ಲಿ... ಹಲ್ಲಿ ಓಯ್ತು ಒಳಗೆ..."

"ಹಲ್ಲಿ." ಅವನು ಹತ್ತಿರ ಬಂದ. "ನನ್ ಮೇಲೆ ಏನ್ ಬರೆದಿದ್ದೀಯ? ನಾಳೆ ಗೊತ್ತಾಗ್ತದೆ ಬಿಡು."

ಶನಿವಾರ ಮುಕ್ತಾರ್ ಬೀಗ ತೆಗೆದ. ಒಂದೇ ಚೀಟಿ, ಜೊತೆಗೆ ಒಂದು ಪೊರಕೆ ಕಡ್ಡಿ. ಅವನು ಚೀಟಿಯನ್ನು ಗಟ್ಟಿಯಾಗಿ ಓದಿದ, ಇನ್ನೊಮ್ಮೆ ಮನಸ್ಸಿನಲ್ಲೇ ಓದಿದ. ಅವನ ಮುಖ ಅರಳಿತು. "ಸೋಮವಾರ ಮೂರು ಪೆಟ್ಟಿಗೆ ಹೀಗೇ ಮಾಡಿ ನೋಡೋಣ" ಎಂದ.

ಸೋಮವಾರ ಪೇಪರು ಸುತ್ತುವ ಉಳಿದ ಇಬ್ಬರು ಹುಡುಗಿಯರು ಸಿಂಬೆ ಹೊಸೆದರು. ಮಾರಕ್ಕ ಒಂದು ಪ್ರಯತ್ನ ಮಾಡಿದಳು, ಹುಲ್ಲು ಬಿಚ್ಚಿಕೊಂಡಿತು. ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು ಸುಮ್ಮನೆ ಕೂತಳು. ಮುನಿಕೃಷ್ಣಮ್ಮ ಅತ್ತ ನೋಡಲಾರದೆ ಕಪ್ಪು ಜೋಡಿಸಿದಳು.

ಮೂರೂ ಪೆಟ್ಟಿಗೆಗಳನ್ನು ಬಂಡಿಯ ಎತ್ತರದಿಂದ ಕೆಳಗೆ ಬೀಳಿಸಿದರು. ಎರಡರಲ್ಲಿ ಒಂದೂ ಒಡೆದಿರಲಿಲ್ಲ. ಮೂರನೆಯದರಲ್ಲಿ ಮೂರು ಒಡೆದಿದ್ದವು.

"ಎಂಟು ಹತ್ತು ಹೋಗ್ತಿದ್ದ ಕಡೆ ಮೂರು. ಪರವಾಗಿಲ್ಲ, ನಾಳೆಯಿಂದ ಇದೇ ಪದ್ಧತಿ" ಎಂದ ಮುಕ್ತಾರ್.

ಅಶ್ವತ್ಥಪ್ಪನ ಧ್ವನಿ ತಣ್ಣಗಿತ್ತು. "ಆಯ್ತು ಸಾರ್. ಆ ಇಬ್ಬರು ಹುಡುಗೀರು ಹುಲ್ಲು ಹೊಸೀತಾರೆ. ಮಾರಕ್ಕಂಗೆ ಕೆಲ್ಸ ಇರಲ್ಲ. ಲೆಕ್ಕ ಚುಕ್ತಾ ಮಾಡಿ ಕಳಿಸ್ಬಿಡೋಣ. ಚೀಟಿ ಬರೆದ ಪುಣ್ಯಾತ್ಗಿತ್ತಿ ಅದನ್ನೂ ಯೋಚನೆ ಮಾಡಿರ್ತಾಳೆ."

ಮುಕ್ತಾರ್‌ಗೂ ಇದು ಹೊಳೆದಿರಲಿಲ್ಲವೆಂದು ಮುಖವೇ ಹೇಳುತ್ತಿತ್ತು.

ಮುನಿಕೃಷ್ಣಮ್ಮ ತಲೆ ತಗ್ಗಿಸಿ ಒಡೆದ ಚೂರುಗಳನ್ನು ಆರಿಸುತ್ತಿದ್ದಳು. ಒಂದು ಚೂರಿನ ಅಂಚಿನಲ್ಲಿ, ಬಿಳುಪಿನ ನಡುವೆ, ಬೂದಿಬಣ್ಣದ ಗೆರೆ ಕಂಡಿತು. ಎರಡನೆಯದರಲ್ಲೂ ಇತ್ತು. ಮೂರನೆಯದರಲ್ಲೂ. ಇವು ಈಗ ಒಡೆದವಲ್ಲ. ಭಟ್ಟಿಯಿಂದ ಬರುವಾಗಲೇ ಕೂದಲೆಳೆಯಷ್ಟು ಸೀಳಿದ್ದವು. ಇಂಥವು ಹಿಂದೆ ಎಲ್ಲಿ ಹೋಗುತ್ತಿದ್ದವು?

ಆಗ ಅವಳ ಕಿವಿಗೆ ನೆನಪಾಯಿತು. ಟಕ್, ಟಕ್. ಪೇಪರು ಸುತ್ತುವ ಮೊದಲು ಮಾರಕ್ಕ ಪ್ರತಿ ಕಪ್ಪಿಗೂ ಬೆರಳ ಗೆಣ್ಣಿನಿಂದ ಒಮ್ಮೆ ಬಡಿಯುತ್ತಿದ್ದಳು. ಒಡಕು ದನಿ ಬಂದವನ್ನು ಪಕ್ಕಕ್ಕೆ ಸರಿಸುತ್ತಿದ್ದಳು. ಹುಡುಗಿಯರೂ ತಮ್ಮ ಪಾಲಿನ ಕಪ್ಪನ್ನು ಅವಳ ಕಿವಿಯ ಮುಂದೆ ಹಿಡಿದು ಬಡಿಸಿಕೊಂಡೇ ಸುತ್ತುತ್ತಿದ್ದರು. ಹನ್ನೊಂದು ವರ್ಷ. ಯಾರೂ ಹೇಳಿಕೊಟ್ಟಿರಲಿಲ್ಲ, ಯಾರೂ ಕೇಳಿರಲೂ ಇಲ್ಲ.

ಸುಮ್ಮನಿದ್ದರೆ ತಾನು ಉಳಿಯಬಹುದು. ಮಾತಾಡಿದರೆ ಅಶ್ವತ್ಥಪ್ಪನ ಕೈಕೆಳಗೆ ದಿನಾ ನರಳಬೇಕು. ಮಾರಕ್ಕನ ಮುಖವನ್ನೂ ಎದುರಿಸಬೇಕು.

"ಸಾರ್, ಚೀಟಿ ಬರ್ದೋಳು ನಾನು." ಮುನಿಕೃಷ್ಣಮ್ಮ ಎದ್ದು ನಿಂತಳು. "ಆದ್ರೆ ಅರ್ಧ ಬರ್ದೆ. ಇದ್ನ ನೋಡಿ." ಚೂರನ್ನು ಮುಂದಕ್ಕೆ ಹಿಡಿದಳು. "ಹಳೇ ಸೀಳು. ಇಂಥವನ್ನ ಮಾರಕ್ಕ ಬಡಿದು ನೋಡಿ ತೆಗೀತಿದ್ಳು. ಇವತ್ತು ಅವಳು ಬಡೀಲಿಲ್ಲ, ಒಡೆದ್ವು. ಅವಳನ್ನ ಕಳಿಸಿದ್ರೆ ನನ್ ಚೀಟಿ ಹರಿದು ಎಸೀರಿ ಸಾರ್."

ಮುಕ್ತಾರ್ ಒಂದು ಬುಟ್ಟಿ ಕಪ್ಪು ತರಿಸಿ ಮಾರಕ್ಕನ ಮುಂದಿಟ್ಟ. ಅವಳು ಯಾರನ್ನೂ ನೋಡದೆ ಬಡಿಯುತ್ತಾ ಹೋದಳು. ಮೂವತ್ತರಲ್ಲಿ ನಾಲ್ಕನ್ನು ಬೇರೆ ಇಟ್ಟಳು. ಮುಕ್ತಾರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದ. ನಾಲ್ಕೂ ಆ ಬೂದಿ ಗೆರೆಯಲ್ಲೇ ಬಿರಿದವು.

"ಇಷ್ಟು ವರ್ಷ ಯಾಕಮ್ಮಾ ಹೇಳ್ಲಿಲ್ಲ?" ಎಂದ.

"ಯಾರ್ ಕೇಳಿದ್ರು ಸಾಮಿ?" ಎಂದಳು ಮಾರಕ್ಕ.

ಬಡಿದು ನೋಡುವುದೇ ಮಾರಕ್ಕನ ಕೆಲಸವೆಂದು ಆ ದಿನವೇ ತೀರ್ಮಾನವಾಯಿತು. ಯಾವ ಚೀಟಿ ಬಂದರೂ, ಅದರಲ್ಲಿರುವ ಕೆಲಸ ಮಾಡುವವರನ್ನು ಕೂರಿಸಿ ಕೇಳಿದ ಮೇಲೆಯೇ ಮುಂದಿನ ಮಾತು ಎಂದು ಮುಕ್ತಾರ್ ಎಲ್ಲರ ಎದುರು ಹೇಳಿದ. ಮರುದಿನದಿಂದ ಅಶ್ವತ್ಥಪ್ಪ ಮುನಿಕೃಷ್ಣಮ್ಮನನ್ನು ಬಾಗಿಲ ಬಳಿಯ ಧೂಳಿನ ಜಾಗದಲ್ಲಿ ಕೂರಿಸಿದ.

ಮಾರಕ್ಕ ನಾಲ್ಕು ದಿನ ಅವಳೊಡನೆ ಮಾತಾಡಲಿಲ್ಲ. ಐದನೆಯ ಸಂಜೆ ರೈಲ್ವೆ ಗೇಟು ಹಾಕಿತ್ತು. ಇಬ್ಬರೂ ಅಕ್ಕಪಕ್ಕ ನಿಲ್ಲಬೇಕಾಯಿತು. ಗೂಡ್ಸ್ ಗಾಡಿ ನಿಧಾನವಾಗಿ ಹೋಗುತ್ತಿತ್ತು.

"ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?" ಎಂದಳು ಮಾರಕ್ಕ, ಗಾಡಿಯನ್ನೇ ನೋಡುತ್ತಾ.

"ಕೇಳ್ಬೇಕಿತ್ತು, ಮಾರಕ್ಕ. ತಪ್ಪಾಯ್ತು."

"ಆ ಚೀಟಿ ಓದಿದ್ ದಿನದಿಂದ ನಿದ್ದೆ ಇಲ್ಲ ನಂಗೆ."

"ನಂಗೂ."

ಗೇಟು ಮೇಲೆದ್ದಿತು. ಮಾರಕ್ಕ ಒಂದು ಹೆಜ್ಜೆ ಮುಂದೆ ನಡೆದು, ನಿಂತು, ಇವಳಿಗಾಗಿ ಕಾದಳು.