ಎತ್ತುವವರಿಗೂ ಒಂದು ಸೊಂಟವಿದೆ

ನಮ್ಮ ವೃದ್ಧಾಶ್ರಮದಲ್ಲಿ ಆರೈಕೆ ಮಾಡುವವರಲ್ಲಿ ಸೊಂಟನೋವಿಲ್ಲದ ಒಬ್ಬಳನ್ನು ತೋರಿಸಿ, ನೋಡೋಣ! ಉತ್ತರ ಜಪಾನಿನ ಈ ಅಕಿತದ ಚಳಿಯಲ್ಲಂತೂ ಎಲ್ಲರ ಬೆನ್ನಿಗೂ ಅಂಟಿಸಿದ ನೋವಿನ ಪಟ್ಟಿ. ಮಂಚದಿಂದ ಗಾಲಿಕುರ್ಚಿಗೆ, ಕುರ್ಚಿಯಿಂದ ಸ್ನಾನದ ತೊಟ್ಟಿಗೆ ದಿನಕ್ಕೆ ಮೂವತ್ತು ಸಲ ಮನುಷ್ಯರನ್ನು ಎತ್ತುತ್ತಿದ್ದೆವು. ಎತ್ತುವ ಯಂತ್ರ ಇರಲಿಲ್ಲ ಅಂದುಕೊಳ್ಳಬೇಡಿ. ಇತ್ತು. ಅದರ ಮೇಲೆ ಟವೆಲ್ ಒಣಹಾಕುತ್ತಿದ್ದೆವು.

ಆರೋಗ್ಯ ಕಾರ್ಯಕರ್ತೆ ಸನಾಎ ಬಂದಾಗಲೆಲ್ಲ ಕೇಳುತ್ತಿದ್ದಳು. "ಚಿಜುರು ಅಕ್ಕ, ಅದನ್ನ ಯಾಕೆ ಬಳಸಲ್ಲ ನೀವು?"

ಚಿಜುರು ಅಕ್ಕ ನಮಗೆಲ್ಲ ಹಿರಿಯರು, ಇಪ್ಪತ್ತೆರಡು ವರ್ಷದ ಕೆಲಸ. "ನೇತುಹಾಕಿ ಎತ್ತೋಕೆ ಹಿರಿಯರೇನು ಬಂದರಿನ ಮೀನಾ? ಮನುಷ್ಯರನ್ನ ಕೈಯಲ್ಲೇ ಎತ್ಬೇಕು. ಕೈಯ ಬಿಸಿ ತಾಗ್ಬೇಕು."

"ಯಂತ್ರ ಎತ್ತಲಿ, ನೀವು ಅವರ ಕೈ ಹಿಡ್ಕೊಳ್ಳಿ. ಆಗ್ಲೂ ಬಿಸಿ ತಾಗುತ್ತೆ."

"ಅದರ ಪಟ್ಟಿ ಸಿಗಿಸೋಕೇ ಐದು ನಿಮಿಷ ಬೇಕು ಕಣೆ. ಹೋಗೇ, ಸಾಕು!"

ನಾವೆಲ್ಲ ನಕ್ಕೆವು. ಈಗ ನೆನೆದರೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಫೆಬ್ರವರಿಯ ಒಂದು ಬೆಳಿಗ್ಗೆ ಅಕ್ಕ, ತೊಂಬತ್ತು ದಾಟಿದ ಹತಾನೊ ಅಜ್ಜಿಯನ್ನು ಸ್ನಾನಕ್ಕೆ ಎತ್ತಿದರು. ಅರ್ಧದಲ್ಲಿ ಸೊಂಟ ಹಿಡಿಯಿತು. ಇಬ್ಬರೂ ಒದ್ದೆ ನೆಲಕ್ಕೆ ಬಿದ್ದರು. ಅಜ್ಜಿಯ ತೊಡೆಮೂಳೆ ಮುರಿಯಿತು. ಅಕ್ಕನ ಡಿಸ್ಕ್ ಜಾರಿ ಎಡಗಾಲು ಜೋಮು ಹಿಡಿಯಿತು.

ಊರುಗೋಲು ಹಿಡಿದು ಅಕ್ಕ ಅಜ್ಜಿಯನ್ನು ನೋಡಲು ಆಸ್ಪತ್ರೆಗೆ ಹೋದರು. ನಮ್ಮ ಪದ್ಧತಿಯಂತೆ ಬಾಗಿ ಕ್ಷಮೆ ಕೇಳಬೇಕಲ್ಲ, ಬಾಗಲು ಆಗಲೇ ಇಲ್ಲ. ನೆಟ್ಟಗೆ ನಿಂತೇ ಅಳುತ್ತಿದ್ದರು.

"ಬಿಡಮ್ಮ," ಎಂದರು ಅಜ್ಜಿ. "ನನ್ನ ಎತ್ತುವಾಗ ನೀನು ನರಳೋದು ಕೇಳಿಸ್ತಿತ್ತು. ಅದಕ್ಕೇ ಎರಡು ವರ್ಷದಿಂದ ಮಧ್ಯಾಹ್ನ ಆದ್ಮೇಲೆ ನೀರು ಕುಡೀತಿರ್ಲಿಲ್ಲ. ಪಾಯಿಖಾನೆಗೆ ಅಂತ ನೀನು ಒಂದ್ಸಲ ಕಮ್ಮಿ ಎತ್ತಿದ್ರೆ ಸಾಕು ಅಂತ."

ಮಾರ್ಚ್ ಕಳೆಯುವ ಮೊದಲೇ ಅಜ್ಜಿ ತೀರಿಕೊಂಡರು.

ಯಂತ್ರದ ಮೇಲೆ ಈಗ ಟವೆಲ್ ಇಲ್ಲ, ಅದು ಬಳಕೆಗೆ ಬಂದಿದೆ. ಸನಾಎ ಮೊದಲು ನಮ್ಮನ್ನೇ ಅದರಲ್ಲಿ ಕೂರಿಸಿ ಎತ್ತಿದಳು, ಹೆದರುವಂಥದ್ದೇನೂ ಇರಲಿಲ್ಲ. ಮಂಚವನ್ನು ನಮ್ಮ ಸೊಂಟದ ಎತ್ತರಕ್ಕೆ ತಂದ ಮೇಲೇ ಕೈ ಹಾಕುತ್ತೇವೆ. ಮಗ್ಗುಲು ಬದಲಿಸಲು ಮೈಕೆಳಗೆ ಸುಲಭವಾಗಿ ಜಾರುವ ಬಟ್ಟೆ ಹಾಸುತ್ತೇವೆ. ಒಬ್ಬಳೇ ಎತ್ತುವ ಮಾತೇ ಇಲ್ಲ. ಐದು ನಿಮಿಷ ಹೋಗುತ್ತದೆ, ಹೋಗಲಿ! ಎತ್ತುವ ಕೆಲಸ ಇನ್ನು ಅಕ್ಕನಿಂದ ಆಗದು. ಕುರ್ಚಿಯಲ್ಲಿ ಕೂತು ಹೊಸಬರಿಗೆ ಕಲಿಸುತ್ತಾರೆ. "ಕೈ ತೆಗಿಯೇ! ಮೊದ್ಲು ಮಂಚ ಮೇಲಕ್ಕೆ ಬರ್ಲಿ," ಎಂದು ಗದರುತ್ತಾರೆ.

ನೋವಿನ ಪಟ್ಟಿ ಅಂಟಿಸಿಕೊಂಡು ಕೆಲಸಕ್ಕೆ ಹೊರಟ ಅಕ್ಕಂದಿರೇ, ಅಣ್ಣಂದಿರೇ, ಯಂತ್ರವಿದ್ದರೆ ಬಳಸಿ. ಇಲ್ಲದಿದ್ದರೆ ಎಲ್ಲರೂ ಸೇರಿ ಕೇಳಿ, ತರಿಸಿಕೊಳ್ಳಿ. ಸಹಿಸಿಕೊಳ್ಳುವುದು ದೊಡ್ಡತನವಲ್ಲ. ನಂಬಿಕೆ ಬರಲಿಲ್ಲವೇ? ನೀವು ದಿನಾ ಎತ್ತುವವರ ಹತ್ತಿರ ಇವತ್ತೇ ಹೋಗಿ, ನೀರು ಕುಡಿದಿರಾ ಎಂದು ಕೇಳಿ ನೋಡಿ.