ಹನ್ನೆರಡನೆಯ ತುಂಡು

ತಮ್ಮನ ಹೆಣದ ತಲೆದೆಸೆಯಲ್ಲಿ ಹೂ ತುಂಬಿಟ್ಟಿದ್ದ ಮರದ ತಟ್ಟೆಯನ್ನು ಅಣ್ಣ ಎತ್ತಿಕೊಂಡು, ಅಂಚಿನಲ್ಲಿ ತುಂಡುಗಳು ಕೂಡಿದ ಜಾಗದಲ್ಲೆಲ್ಲ ಉಗುರು ಎಳೆಯುತ್ತಿದ್ದ. ಒಂದು ಕಡೆಯಾದರೂ ಸಿಕ್ಕಿಕೊಳ್ಳಬೇಡವೆ?

"ಪಾಪ, ತಮ್ಮನ ಕೈಕೆಲಸ ನೋಡಿ ಸಂಕಟ ಪಡ್ತಿದಾರೆ," ಎಂದಳು ನೆರೆಮನೆಯಾಕೆ.

"ಒಡಹುಟ್ಟಿದವರು ಅಂದ್ರೆ ಸುಮ್ನೇನಾ?" ಎಂದ ಮರದ ವ್ಯಾಪಾರಿ.

ಸಂಕಟವೇನೋ ನಿಜ. ಆದರೆ ಅದು ನಲವತ್ತು ವರ್ಷದ ಹೊಟ್ಟೆಕಿಚ್ಚು; ಸಾವಿಗೂ ಆರಿರಲಿಲ್ಲ.

*

ಇಬ್ಬರೂ ಅಪ್ಪನ ಬಳಿಯೇ ಕಲಿತವರು. ಕಪ್ಪು, ಕೆಂಪು, ಬಿಳಿ ಮರದ ಹನ್ನೆರಡು ತುಂಡುಗಳನ್ನು ಓರೆಯಾಗಿ ಕೊಯ್ದು ಬಳೆಯಂತೆ ಅಂಟಿಸಿ, ಬಳೆಯ ಮೇಲೆ ಬಳೆ ಪೇರಿಸಿ ಲೇತಿಗೆ ಕೊಟ್ಟರೆ ಚಿತ್ತಾರದ ಬಟ್ಟಲು. ಒಂದೊಂದು ತುಂಡು ಕೂದಲೆಳೆ ತಪ್ಪಿದರೂ ಎಲ್ಲ ತಪ್ಪೂ ಸೇರಿ ಹನ್ನೆರಡನೆಯದರ ಪಕ್ಕದಲ್ಲಿ ಬಾಯಿ ಬಿಡುತ್ತದೆ. ಅಣ್ಣ ಆ ಬಾಯಿಗೆ ಮರದ ಪುಡಿ, ಅಂಟು ಕಲಸಿ ಮೆತ್ತುತ್ತಿದ್ದ. ಮೊದಮೊದಲು ತಮ್ಮನದೂ ಅದೇ ಪಾಡು. ಮದುವೆಯಾದ ವರ್ಷದಿಂದ ಅವನ ಬಳೆಗಳು ತುಟಿಪಿಟಕ್ಕೆನ್ನಲಿಲ್ಲ.

"ಗುಟ್ಟೇನೋ, ಹೇಳೋ," ಎಂದರೆ ತಮ್ಮ ನಗುತ್ತಿದ್ದ. "ಕೈಗುಣ ಕಣಣ್ಣ."

*

ಹೆಣ ಎತ್ತಲು ಇನ್ನೂ ಹೊತ್ತಿತ್ತು. ಅಣ್ಣ ಮೆಲ್ಲಗೆ ತಮ್ಮನ ಕೆಲಸದ ಕೋಣೆಗೆ ನುಸುಳಿದ. ಲೇತಿನ ಪಕ್ಕದ ಮೇಜಿನ ಮೇಲೆ ಹೊಸದೊಂದು ಬಳೆ. ಉಗುರು ಎಳೆದ. ಸಿಕ್ಕಿಕೊಂಡಿತು! ಅಣ್ಣನಿಗೆ ಸ್ವರ್ಗಕ್ಕೆ ಮೂರೇ ಗೇಣು.

"ಕೊನೆಗೂ ಕೈ ತಪ್ತಲ್ಲೋ ನಿಂಗೆ," ಎಂದು ಗಟ್ಟಿಯಾಗಿಯೇ ಅಂದುಬಿಟ್ಟ.

"ಅದು ನಾನು ಕೂಡಿಸಿದ್ದು, ಭಾವ." ಬಾಗಿಲಲ್ಲಿ ತಮ್ಮನ ಹೆಂಡತಿ. "ಮೊನ್ನೆ ಅವರಿಗೆ ಉಸಿರು ಕಟ್ತು ನೋಡಿ, ಗಾಬರೀಲಿ ತುದಿ ಉಜ್ಜದೇ ಅಂಟಿಸಿಬಿಟ್ಟೆ."

"ನೀನಾ?"

"ಯಾವಾಗ್ಲೂ ನಾನೇ. ಆರಾರು ತುಂಡು ಸೇರಿಸಿ ಎರಡು ಅರ್ಧ ಮಾಡ್ಕೊಳ್ಳೋದು, ಅವುಗಳ ತುದಿ ಉಜ್ಜಿ ಸಮ ಮಾಡಿ ಕೂಡಿಸೋದು. ಅವರಿಗೆಲ್ಲಿತ್ತು ಅಷ್ಟು ತಾಳ್ಮೆ? ಲೇತ್ ಮಾತ್ರ ಅವರದು."

ಇಷ್ಟು ವರ್ಷ ಉರಿದದ್ದು ತಪ್ಪು ಮನುಷ್ಯನ ಮೇಲೆ. ಉರಿ ಆರಬೇಕಿತ್ತು, ಇಮ್ಮಡಿಯಾಯಿತು. ಅಣ್ಣನ ಕೆಲಸದ ಕೋಣೆಗೆ ಕಸ ಗುಡಿಸಲೂ ಯಾರೂ ಬಂದವರಲ್ಲ.

ಅವಳು ಬಳೆ ಎತ್ತಿಕೊಂಡು ಬಿರುಕಿಗೆ ಹೆಬ್ಬೆರಳು ಒತ್ತಿದಳು. ಅದು ಎರಡರ್ಧವಾಯಿತು. ಒಂದನ್ನು ಮೇಜಿನ ಮೇಲಿಟ್ಟು, ಇನ್ನೊಂದನ್ನು ಉಜ್ಜುಕಾಗದದ ಹಲಗೆಯ ಮೇಲೆ ಉಜ್ಜತೊಡಗಿದಳು.

"ಹೆಗಲು ಕೊಡ್ಬೇಕು, ಬನ್ನಿ!" ಹೊರಗಿನಿಂದ ಮರದ ವ್ಯಾಪಾರಿ ಕೂಗಿದ.

ಇಬ್ಬರೂ ಕದಲಲಿಲ್ಲ. ತುದಿ ಸಮವಾದ ಮೇಲೆ ಅವಳು ತಲೆ ಎತ್ತದೆಯೇ ಎಡಗೈಯನ್ನು ಗಂಡ ನಿಲ್ಲುತ್ತಿದ್ದ ಲೇತಿನ ಕಡೆಗೆ ಚಾಚಿ ಅಂಗೈ ಬಿಚ್ಚಿದಳು. ಅಲ್ಲಿ ನಿಂತಿದ್ದ ಅಣ್ಣ ಉಳಿದರ್ಧವನ್ನು ಆ ಕೈಯಲ್ಲಿಟ್ಟ. ಯಾರು ಕೊಟ್ಟರೆಂದು ಅವಳು ನೋಡಲಿಲ್ಲ.