ಕಲಿತು ಬಾ, ಆಮೇಲೆ ಕಲಿಸ್ತೀನಿ

ಏರು ರಸ್ತೆಯ ನಟ್ಟನಡುವೆ ಕಾರು ಗಕ್ಕನೆ ನಿಂತುಬಿಟ್ಟಿತು. ಹಿಂದಿನ ಗಾಡಿಗಳು ಒಂದೇ ಸಮನೆ ಹಾರ್ನ್ ಹೊಡೆಯತೊಡಗಿದವು. ಸ್ಟೀರಿಂಗ್ ಹಿಡಿದಿದ್ದ ಔಷಧಿ ಅಂಗಡಿಯಾಕೆಗೆ ಅಳುವೇ ಬಂತು. ತನಗಿನ್ನೂ ಧೈರ್ಯ ಸಾಲದು, ಧೈರ್ಯ ಬಂದ ಮೇಲೆ ಕಲಿಯುತ್ತೇನೆ, ಇವತ್ತಿಗೆ ಬಿಟ್ಟುಬಿಡಿ ಎಂದು ಗೋಗರೆದಳು. ಪಕ್ಕದಲ್ಲಿದ್ದ ಕ್ಲಚ್ ಮೇಷ್ಟ್ರು ಜಗ್ಗಲಿಲ್ಲ. ಊರಿನ ಅರ್ಧ ಜನಕ್ಕೆ ಕಾರು ಕಲಿಸಿದ ಆಸಾಮಿ ಅವರು. ದಿನವಿಡೀ "ಕ್ಲಚ್, ಕ್ಲಚ್" ಎಂದು ಕೂಗಿ ಕೂಗಿ ಆ ಹೆಸರು ಅವರಿಗೇ ಅಂಟಿಕೊಂಡಿತ್ತು.

"ಧೈರ್ಯ ಮನೇಲಿ ಕೂತ್ರೆ ಬರಲ್ಲಮ್ಮ, ಇಲ್ಲಿ ಕೂತ್ರೆ ಬರುತ್ತೆ. ಈಗ ಹಾರ್ನ್ ಹೊಡೀತಿರೋರೂ ಒಂದಿನ ಹೀಗೇ ನಿಲ್ಲಿಸಿದೋರೇ. ಸ್ಟಾರ್ಟ್ ಮಾಡಿ."

ಕಾರು ಹೇಗೋ ಏರು ಹತ್ತಿತು. ಮೇಷ್ಟ್ರು ಅಂದು ಉಬ್ಬಿಕೊಂಡೇ ಮನೆಗೆ ಬಂದರು.

ಬಾಗಿಲಲ್ಲೇ ಹೆಂಡತಿ ಕೇಳಿದಳು, ನಾಳೆ ಬಿಡುವು ಆಗುತ್ತದೆಯೇ ಎಂದು. ಆಟೋದವರೂ ಬರಲೊಪ್ಪದ ಊರಿನ ಆ ತುದಿಯಲ್ಲಿರುವ ಅವಳ ತಾಯಿಗೆ ಲಕ್ವ ಹೊಡೆದು ಬಲಗೈ ಸೋತಿತ್ತು. ವಾರವಾರವೂ ವ್ಯಾಯಾಮ ಮಾಡಿಸಲು ಆಸ್ಪತ್ರೆಗೆ ಕರೆದೊಯ್ಯಬೇಕು. ತಪ್ಪಿಸಿದರೆ ಬೆರಳುಗಳು ಮಡಚಿದ ಹಾಗೇ ಉಳಿದುಬಿಡುತ್ತವೆ ಎಂದು ಡಾಕ್ಟರು ಎಚ್ಚರಿಸಿದ್ದರು. ಹೋದ ವಾರವಂತೂ ತಪ್ಪಿಯೇ ಹೋಗಿತ್ತು. ಮೇಷ್ಟ್ರು ತಲೆ ಕೆರೆದುಕೊಂಡು, ಬೆಳಗಿನಿಂದ ಸಂಜೆಯವರೆಗೂ ಕಲಿಯುವವರಿದ್ದಾರೆ, ನೋಡೋಣ ಎಂದರು. ಆ ಮನೆಯಲ್ಲಿ "ನೋಡೋಣ" ಎಂದರೆ ಆಗುವುದಿಲ್ಲ ಎಂದೇ ಅರ್ಥ. ಅವರ ಸ್ವಂತ ಕಾರೇನೋ ಅಂಗಳದಲ್ಲಿ ಮೈತುಂಬ ಹೊದ್ದುಕೊಂಡು ಹಾಯಾಗಿ ಮಲಗಿತ್ತು.

ಊಟವಾದ ಮೇಲೆ ಮಗಳು ಪುಸ್ತಕ ಹಿಡಿದು ಅಪ್ಪನ ಪಕ್ಕ ಬಂದು ಕೂತಳು. ಮಾರನೇ ದಿನ ಕಾಲೇಜಿನಲ್ಲಿ ಅವಳು ವಿರೋಧಾಭಾಸ ಎಂದರೇನು ಎಂದು ಮಾತಾಡಬೇಕಿತ್ತು, ಅದೂ ದಿನನಿತ್ಯದ ಉದಾಹರಣೆ ಕೊಟ್ಟು. ಹೆಸರು ಕೇಳಿಯೇ ಮೇಷ್ಟ್ರಿಗೆ ಆಕಳಿಕೆ ಬಂತು.

"ಸುಲಭ ಅಪ್ಪ. ಬಿಡಿಬಿಡಿಯಾಗಿ ನೋಡಿದ್ರೆ ಎರಡು ಮಾತೂ ಸರಿ ಅನ್ನಿಸುತ್ತೆ, ಸೇರಿಸಿದ್ರೆ ಗಂಟು ಬೀಳುತ್ತೆ. ನೀನು ಬೆಳಗ್ಗೆ ಕನ್ನಡಕ ಹುಡುಕ್ತೀಯಲ್ಲ, ಅದು ಸಿಗಬೇಕಾದ್ರೆ ಕಣ್ಣಿಗೆ ಕನ್ನಡಕ ಇರಬೇಕು."

ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಿದ್ದೆ ಬರಲೇಬೇಕು ಎಂದು ಹಟ ಹಿಡಿದಷ್ಟೂ ನಿದ್ದೆ ಹಾರಿಹೋಗುತ್ತದಲ್ಲ, ಅದೂ ಅಂಥದ್ದೇ ಎಂದಳು ಮಗಳು. ಅವರಿಗೂ ಹುರುಪು ಬಂದು, ರಸ್ತೆಯಲ್ಲಿ ಅವಸರ ಮಾಡಿದವನೇ ಕೊನೆಗೆ ತಡವಾಗಿ ತಲುಪುತ್ತಾನೆ, ಬರೆದುಕೋ ಎಂದರು. ಇನ್ನೊಂದು ಸಿಕ್ಕಿದರೆ ಸಾಕು ಎಂದಳು ಮಗಳು.

ಒಗೆದ ಬಟ್ಟೆ ಮಡಚುತ್ತಿದ್ದ ಹೆಂಡತಿ ತಲೆ ಎತ್ತದೆಯೇ ಹೇಳಿದಳು. "ನನ್ನ ಹತ್ರ ಒಂದಿದೆ. ನಮ್ಮನೆ ಕಾರು ಮುಟ್ಟಬೇಕಾದ್ರೆ ಓಡಿಸೋಕೆ ಬರಬೇಕು. ಓಡಿಸೋಕೆ ಬರಬೇಕಾದ್ರೆ ಕಾರು ಮುಟ್ಟಬೇಕು. ನಮ್ಮಮ್ಮನ ಕೈ ಮಾತ್ರ ಇದ್ಯಾವುದಕ್ಕೂ ಕಾಯಲ್ಲ."

ಮಗಳ ಪೆನ್ನು ನಿಂತುಹೋಯಿತು. ಮೇಷ್ಟ್ರ ನಗುವೂ ನಿಂತಿತು. ಹೆಂಡತಿ ಕಲಿಯುತ್ತೇನೆ ಎಂದಾಗಲೆಲ್ಲ, ಮೊದಲು ಧೈರ್ಯ ಬರಲಿ, ಆಮೇಲೆ ಕೂರು ಎಂದು ಬಾಯಿ ಮುಚ್ಚಿಸಿದ್ದವರು ಅವರೇ. ಅಂದು ಮಧ್ಯಾಹ್ನ ಔಷಧಿ ಅಂಗಡಿಯಾಕೆಗೆ ಹೇಳಿದ ಮಾತು ನೆನಪಾಗಿ ಅವರಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

"ನಿನ್ನ ಒಳ್ಳೇದಕ್ಕೇ ಹೇಳಿದ್ದು ಕಣೇ," ಎಂದರು ಮೆಲ್ಲಗೆ. "ರಸ್ತೇಲಿ ನಾನು ಏನೇನು ನೋಡಿದೀನಿ ಅಂತ ನಿನಗೆ ಗೊತ್ತಿಲ್ಲ. ಬೇರೆಯವರು ಕೂತ್ರೆ ಅದು ನನ್ನ ಕೆಲಸ. ನಿನಗೇನಾದ್ರೂ ಆದ್ರೆ ನನ್ನ ಕೈಕಾಲೇ ಆಡಲ್ಲ."

"ಭಯ ನಿಮ್ಮದು ರೀ. ಮನೇಲಿ ಕೂತಿರೋದು ನಾನು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ಅವರೂ ಒಂದೆರಡು ಮಾತು ಎಸೆದು ಎದ್ದುಹೋಗುತ್ತಿದ್ದರೋ ಏನೋ.

ಮರುದಿನ ಬೆಳಿಗ್ಗೆ ಮೇಷ್ಟ್ರು ಕಲಿಯಲು ಬರುವವರಿಗೆಲ್ಲ ಫೋನ್ ಮಾಡಿ, ಇವತ್ತು ರಜಾ ಎಂದರು. ಕಾರಿನ ಹೊದಿಕೆ ತೆಗೆದರು. ಗೋದಾಮುಗಳ ಹಿಂದಿನ ಖಾಲಿ ಮೈದಾನಕ್ಕೆ ಹೋಗಿ ನಿಲ್ಲಿಸಿ, ಇಳಿದು, ಹೆಂಡತಿಗೆ ಜಾಗ ಬಿಟ್ಟುಕೊಟ್ಟರು. ಅವಳು ಕೂತಳು. ಕಾರು ಕುಪ್ಪಳಿಸಿತು, ನಿಂತಿತು, ಮತ್ತೆ ಹೊರಟಿತು. ನೇರ ದಾರಿಯಲ್ಲಿ ಪರವಾಗಿಲ್ಲ ಎನ್ನುವಷ್ಟು ಹಿಡಿತ ಸಿಕ್ಕಿತು. ತಿರುವಿನಲ್ಲಿ ಮಾತ್ರ ಅವಳ ಕೈ ತಡವಾಯಿತು. ಸಿಮೆಂಟಿನ ಕಂಬ ಕಾರಿನ ಮೈಯನ್ನು ಕರ್‍ರ್ ಎಂದು ಕೆರೆಯಿತು.

ಮೇಷ್ಟ್ರು ಇಳಿದು ನೋಡಿದರು. ಮುಂದಿನ ಬಾಗಿಲಿನಿಂದ ಹಿಂದಿನ ಚಕ್ರದವರೆಗೆ ಉದ್ದಕ್ಕೆ ಬಣ್ಣ ಎದ್ದುಹೋಗಿತ್ತು. ಆ ಗೀರಿನ ಮೇಲೆ ಬೆರಳಾಡಿಸಿದರು. ಕಿಟಕಿಯೊಳಗೆ ನೋಡಿದರೆ, ಹೆಂಡತಿ ಆಗಲೇ ಸ್ಟೀರಿಂಗಿನಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಿದ್ದಳು.

"ಸಾಕು ಬಿಡಿ. ನೀವೇ ಓಡಿಸಿ," ಎಂದಳು.

ಅವರು ಅವಳ ಕಡೆಯ ಬಾಗಿಲಿನವರೆಗೆ ಬಂದರು. ಬಾಗಿಲು ತೆಗೆಯಲಿಲ್ಲ. ಕಾರನ್ನು ಸುತ್ತಿಕೊಂಡು ಹೋಗಿ ಆಚೆ ಬದಿಯಲ್ಲಿ ಕೂತರು.

"ಇವತ್ತು ಅತ್ತೇನ ನಾನು ಕರ್ಕೊಂಡು ಹೋಗ್ತೀನಿ. ಲೈಸೆನ್ಸ್ ಬಂದ ಮೇಲೆ ನೀನು. ಹಿಂದಕ್ಕೆ ತಗೋ, ಅದೇ ತಿರುವು ಇನ್ನೊಂದ್ಸಲ."

ಹೆಂಡತಿ ಗೇರ್ ಹಾಕಿದಳು.